ಹಿಂಬದಿ ಕ್ಯಾಮೆರಾ ನಾನೇ ಅಳವಡಿಸಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾರಿಗೆ ಹತ್ತು ವರ್ಷ ತುಂಬಿದೆ. ಎಂಜಿನ್ ಚೆನ್ನಾಗಿಯೇ ಇದೆ, ಆದರೆ ಹಿಂದಕ್ಕೆ ತೆಗೆಯುವಾಗ ಹಿಂಗಾಜಿನಿಂದ ಕೆಳಗಿರುವುದು ಏನೂ ಕಾಣುವುದಿಲ್ಲ. ಮೊನ್ನೆ ಮೊಮ್ಮಗಳ ಮೂರು ಚಕ್ರದ ಸೈಕಲ್ಲು ಕಾರಿನಡಿಗೆ ಸಿಕ್ಕಿ ನುಗ್ಗಾಯಿತು. ಮಗು ಮನೆಯೊಳಗಿತ್ತು ಎಂಬುದೇ ನಮ್ಮ ಪುಣ್ಯ. ಕ್ಯಾಮೆರಾ ಮತ್ತು ಪುಟ್ಟ ಪರದೆ ಇರುವ ಅಗ್ಗದ ಕಿಟ್ ಒಂದನ್ನು ತಂದಿಟ್ಟಿದ್ದೇನೆ. ಮನೆಯ ವೈರಿಂಗ್ ಕೆಲಸ ಮಾಡಿ ಅಭ್ಯಾಸವಿದೆ. ಇದನ್ನು ನಾನೇ ಅಳವಡಿಸಬಹುದೇ? ಎಲ್ಲಿ ಎಚ್ಚರ ಬೇಕು?

ಉತ್ತರ: ಅಳವಡಿಸಬಹುದು. ವೈರು, ಟೆಸ್ಟರುಗಳಲ್ಲಿ ಪಳಗಿದ ಕೈಗೆ ಇದು ಒಂದು ದಿನದ ಕೆಲಸ. ಕ್ಯಾಮೆರಾವನ್ನು ಕೂರಿಸಲು ಅರ್ಧ ಗಂಟೆ ಸಾಕು. ಉಳಿದ ಹೊತ್ತೆಲ್ಲ ಅದರ ವೈರನ್ನು ಹಿಂದಿನಿಂದ ಮುಂದಕ್ಕೆ ತರುವುದರಲ್ಲೇ ಹೋಗುತ್ತದೆ. ಅಗ್ಗದ ಕಿಟ್ಟುಗಳು ಬೇಗ ಕೈಕೊಡುತ್ತವೆ ಎಂಬ ಮಾತಿದೆಯಲ್ಲ, ನಾನು ಬಿಚ್ಚಿ ನೋಡಿದವುಗಳಲ್ಲಿ ಹೆಚ್ಚಿನವುಗಳ ದೋಷ ಕ್ಯಾಮೆರಾದಲ್ಲಿರಲಿಲ್ಲ, ವೈರಿನ ಜೋಡಣೆಯಲ್ಲಿತ್ತು.

ಕಾರಿನ ಒಂದು ಸ್ಕ್ರೂ ಕೂಡ ಬಿಚ್ಚುವ ಮೊದಲು ಇಡೀ ಕಿಟ್ಟನ್ನು ನೆಲದ ಮೇಲೆ ಹರಡಿ, ನಡುವೆ ಒಂದು ಫ್ಯೂಸ್ ಹಾಕಿ, 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ ನೋಡಿ. ಚಿತ್ರ ಬಾರದಿದ್ದರೆ ಅಂಗಡಿಗೆ ಹಿಂದಿರುಗಿಸುವುದು ಆಗಲೇ ಸುಲಭ. ಕ್ಯಾಮೆರಾವನ್ನೂ ಪರದೆಯನ್ನೂ ಬೇರೆಬೇರೆಯಾಗಿ ಕೊಂಡವರು ಇನ್ನೊಂದು ವಿಷಯ ಗಮನಿಸಬೇಕು: ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಎ.ಎಚ್.ಡಿ. ಮಾದರಿಯ ಕ್ಯಾಮೆರಾದ ಚಿತ್ರವನ್ನು, ಸಿ.ವಿ.ಬಿ.ಎಸ್. ಎಂಬ ಹಳೆಯ ವಿಡಿಯೊ ಮಾದರಿಯ ಪರದೆ ತೋರಿಸಲಾರದು, ಆದರೆ ಎರಡಕ್ಕೂ ಅದೇ ಹಳದಿ ಪ್ಲಗ್ ಇರುವುದರಿಂದ ಹೊರನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನೆಲದ ಮೇಲಿರುವಾಗಲೇ ಎಡಬಲವನ್ನೂ ಪರೀಕ್ಷಿಸಿ. ಕಾರಿನ ಬಲಬದಿಯಲ್ಲಿರುವ ವಸ್ತು ಕನ್ನಡಿಯಲ್ಲಿ ಕಾಣುವಂತೆಯೇ ಪರದೆಯ ಬಲಕ್ಕೇ ಕಾಣಬೇಕು. ಹಾಗಿಲ್ಲದಿದ್ದರೆ ಸ್ಟಿಯರಿಂಗನ್ನು ತಪ್ಪು ಕಡೆಗೆ ತಿರುಗಿಸುವುದು ಖಂಡಿತ. ಹಲವು ಕ್ಯಾಮೆರಾಗಳ ಬಾಲದಲ್ಲಿ ಸಣ್ಣ ಕುಣಿಕೆಯಂಥ ವೈರುಗಳಿರುತ್ತವೆ. ಒಂದನ್ನು ಕತ್ತರಿಸಿದರೆ ಚಿತ್ರ ಅದಲುಬದಲಾಗುತ್ತದೆ, ಇನ್ನೊಂದನ್ನು ಕತ್ತರಿಸಿದರೆ ಪರದೆಯ ಮೇಲೆ ದೂರ ತೋರಿಸುವ ಬಣ್ಣದ ಗೆರೆಗಳು ಮಾಯವಾಗುತ್ತವೆ. ಯಾವ ಬಣ್ಣದ್ದು ಯಾವುದಕ್ಕೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ಕಿಟ್ಟಿನೊಳಗಿನ ಚೀಟಿಯನ್ನು ಓದಿಯೇ ಕತ್ತರಿ ಹಾಕಿ.

ಕ್ಯಾಮೆರಾಕ್ಕೆ ವಿದ್ಯುತ್ತನ್ನು ರಿವರ್ಸ್ ದೀಪದ ವೈರಿನಿಂದ ಪಡೆಯುವುದು ವಾಡಿಕೆ. ಗೇರು ಹಿಂದಕ್ಕೆ ಬಿದ್ದಾಗ ಮಾತ್ರ ಕ್ಯಾಮೆರಾ ಎಚ್ಚರಗೊಳ್ಳುತ್ತದೆ ಎಂಬುದು ಇದರ ಅನುಕೂಲ. 21 ವಾಟಿನ ರಿವರ್ಸ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಕ್ಯಾಮೆರಾ ಎಳೆಯುವುದು ಅದರ ಒಂದು ಚೂರು ಮಾತ್ರ. ಹೀಗಾಗಿ ಆ ವೈರಿಗೆ ಭಾರವಾಗುತ್ತದೆಂಬ ಚಿಂತೆ ಬೇಡ. ಸರಿಯಾದ ವೈರನ್ನು ಹುಡುಕಲು ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಗೇರನ್ನು ರಿವರ್ಸಿಗೆ ಹಾಕಿ ಮಲ್ಟಿಮೀಟರಿನಿಂದ ಅಳೆಯಿರಿ. ಗೇರ್ ಬಿದ್ದಾಗ 12 ವೋಲ್ಟ್, ತೆಗೆದಾಗ ಸೊನ್ನೆ ಬಂದರೆ ಅದೇ ವೈರು. ಆಟೊಮ್ಯಾಟಿಕ್ ಗೇರಿನ ಕಾರಾದರೆ ಬ್ರೇಕ್ ತುಳಿದು ಕೂರಲು ಇನ್ನೊಬ್ಬರು ಬೇಕು. ಬಲ್ಬು ಹಾಕಿ ಮಾಡಿದ ಹಳೆಯ ಟೆಸ್ಟ್ ಲ್ಯಾಂಪನ್ನು ಇಲ್ಲಿ ಬಳಸಬೇಡಿ. ಅದು ಎಳೆಯುವ ಕರೆಂಟು ಇಂದಿನ ಕಾರುಗಳ ಎಲೆಕ್ಟ್ರಾನಿಕ್ ಭಾಗಗಳಿಗೆ ಅಪಾಯ ತರಬಲ್ಲದು. ವೈರು ಸಿಕ್ಕ ಮೇಲೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿಟ್ಟು ಕೆಲಸಕ್ಕೆ ತೊಡಗಿ. ಕೆಲವು ಕಾರುಗಳ ರೇಡಿಯೊ ಆಮೇಲೆ ಕೋಡ್ ಕೇಳುತ್ತದೆ; ಅದನ್ನು ಮೊದಲೇ ಹುಡುಕಿಟ್ಟುಕೊಂಡಿರಿ. ಜೋಡಣೆಯ ಹತ್ತಿರದಲ್ಲೇ 1 ಆಂಪಿಯರಿನ ಫ್ಯೂಸ್ ಇರಲಿ.

ಜೋಡಣೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ಮೊದಲ ಸಲ ಅಳವಡಿಸಿದಾಗ, ವೈರಿನ ಮೇಲಿಟ್ಟು ಇಕ್ಕಳದಿಂದ ಒತ್ತಿದರೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಬಳಸಿದ್ದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಚಿತ್ರ ಒಮ್ಮೆ ಬರುವುದು, ಒಮ್ಮೆ ಹೋಗುವುದು ಶುರುವಾಯಿತು. ದೀಪದ ಡೂಮ್ ತೆಗೆದು ಕ್ಲಿಪ್ ಬಿಡಿಸಿದರೆ, ಅದರ ಹಲ್ಲು ಚುಚ್ಚಿದ್ದ ಜಾಗದಲ್ಲಿ ತಾಮ್ರದ ಎಳೆಗಳು ಕಿಲುಬು ಹಿಡಿದು ಹಸಿರಾಗಿದ್ದವು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿದವು. ಅಂದಿನಿಂದ ನಾನು ನೀರಿನ ಪಸೆ ತಾಗುವ ಕಡೆಗಳಲ್ಲಿ ವೈರಿನ ಸಿಪ್ಪೆ ಬಿಡಿಸಿ, ಎಳೆಗಳನ್ನು ಹೆಣೆದು, ಬೆಸುಗೆ ಹಾಕಿ, ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆಯನ್ನು ಮೇಲೆ ಎಳೆದು ಬಿಸಿ ಮಾಡಿಯೇ ಮುಚ್ಚುತ್ತೇನೆ. ಬರೀ ಇನ್ಸುಲೇಷನ್ ಟೇಪ್ ಬಿಸಿಲಿಗೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ನೆಗೆಟಿವ್ ವೈರನ್ನು ದೀಪದ ನೆಗೆಟಿವ್ ವೈರಿಗೇ ಸೇರಿಸಿ, ಇಲ್ಲವೇ ಬಣ್ಣ ಕೆರೆದ ಶುದ್ಧ ಲೋಹಕ್ಕೆ ಬಿಗಿಯಾಗಿ ಕೂರಿಸಿ.

ಇನ್ನು ವೈರಿನ ದಾರಿ. ನಂಬರ್ ಪ್ಲೇಟಿನ ದೀಪದ ಗೂಡಿನಿಂದ ಹಿಂಬಾಗಿಲ ಒಳಕ್ಕೆ, ಅಲ್ಲಿಂದ ಬಾಗಿಲಿಗೂ ಕಾರಿಗೂ ನಡುವೆ ಇರುವ ಸುಕ್ಕುಸುಕ್ಕಿನ ರಬ್ಬರ್ ಕೊಳವೆಯ ಮೂಲಕ ಕಾರಿನೊಳಕ್ಕೆ, ಬಳಿಕ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯಡಿ ಮುಂದಕ್ಕೆ. ಇಡೀ ಕೆಲಸದಲ್ಲಿ ತಾಳ್ಮೆಯನ್ನು ಪರೀಕ್ಷಿಸುವುದು ಆ ರಬ್ಬರ್ ಕೊಳವೆಯೇ. ಅದರ ಎರಡೂ ತುದಿಗಳನ್ನು ಮೆಲ್ಲಗೆ ಬಿಡಿಸಿ, ತುದಿ ಮಡಚಿದ ಗಟ್ಟಿ ತಂತಿಯೊಂದನ್ನು ಮೊದಲು ತೂರಿಸಿ, ಪ್ಲಗ್ಗನ್ನು ಅದಕ್ಕೆ ಟೇಪಿನಿಂದ ಸುತ್ತಿ, ಸ್ವಲ್ಪ ಸಾಬೂನು ನೀರು ಸವರಿ ಎಳೆಯಿರಿ. ವೈರನ್ನು ಕೊಳವೆಯ ಹೊರಗಿನಿಂದಲೇ ಒಯ್ದರೆ ಬಾಗಿಲು ಮುಚ್ಚಿದಾಗಲೆಲ್ಲ ಅದು ಜಜ್ಜಿಹೋಗುತ್ತದೆ, ನೀರೂ ಒಳಗಿಳಿಯುತ್ತದೆ. ಕೊಳವೆಯೊಳಗೆ ವೈರು ಸ್ವಲ್ಪ ಸಡಿಲವಾಗಿರಲಿ, ಜೋಡಣೆ ಮಾತ್ರ ಇರಬಾರದು; ಮಡಚಿ ಬಿಚ್ಚುವ ಜಾಗದಲ್ಲಿ ಬೆಸುಗೆ ಮುರಿಯುತ್ತದೆ. ಚಾವಣಿಯ ಹೊದಿಕೆಯ ಮೂಲಕ ವೈರು ತರುವುದು ಹತ್ತಿರದ ದಾರಿಯೆನಿಸಿದರೂ ಹಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗುಗಳು ಅಲ್ಲಿಯೇ ಮಡಚಿ ಕೂತಿರುತ್ತವೆ. ಅವುಗಳ ಎದುರಿಗೆ ವೈರು ಹಾಯಿಸಿದರೆ ಅವು ಬಿಚ್ಚಿಕೊಳ್ಳುವ ದಾರಿಗೇ ಅಡ್ಡಿಯಾದಂತೆ. ಕಾರಿನ ವೈರುಗಳಲ್ಲಿ ಹಳದಿ ಬಣ್ಣದ ಕನೆಕ್ಟರ್ ಎಲ್ಲಿ ಕಂಡರೂ ಅದು ಏರ್‌ಬ್ಯಾಗಿನದೆಂದೇ ತಿಳಿದು ಕೈ ಹಿಂದೆಗೆಯಿರಿ. ಮುಂಭಾಗದಲ್ಲಿ ಉಳಿದ ವೈರನ್ನು ಸುರುಳಿ ಸುತ್ತಿ, ಪೆಡಲುಗಳ ಕಡೆಗೆ ಜಾರದಂತೆ ಕಟ್ಟಿಹಾಕುವುದನ್ನು ಎಂದಿಗೂ ಮರೆಯಬೇಡಿ.

ಕ್ಯಾಮೆರಾ ಕೂರಿಸಲು ತಗಡಿಗೆ ತೂತು ಕೊರೆದಿದ್ದರೆ, ಅದರ ಅಂಚಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ರಬ್ಬರ್ ಬುಷ್ ತೊಡಿಸಿದ ಮೇಲೆಯೇ ವೈರನ್ನು ಹಾಯಿಸಿ. ನಂಬರ್ ಪ್ಲೇಟಿನ ಬೋಲ್ಟಿಗೇ ಕೂರುವ ಮಾದರಿಯಾದರೆ ತೂತಿನ ಗೊಡವೆಯಿಲ್ಲ. ಅಂಕಿಗಳು ಮರೆಯಾಗದಂತೆ ನೋಡಿಕೊಂಡರಾಯಿತು.

ಪ್ರಶ್ನೆ: ನಾನು ಕ್ಯಾಮೆರಾ ಹಾಕಿಕೊಂಡಿದ್ದೇನೆ. ಎಂಜಿನ್ ಚಾಲೂ ಆದೊಡನೆ ಪರದೆಯ ಮೇಲೆ ಅಡ್ಡಗೆರೆಗಳು ಹರಿದಾಡುತ್ತವೆ. ಏಕೆ?

ಉತ್ತರ: ಎಂಜಿನ್ ನಿಂತಾಗ ಗೆರೆಗಳು ಇಲ್ಲವೆಂದರೆ ಅವು ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರಿನಿಂದ ಬರುತ್ತಿವೆ. ಕ್ಯಾಮೆರಾದ ನೆಗೆಟಿವ್ ಹಿಂದೆ ಒಂದು ಕಡೆ, ಪರದೆಯ ನೆಗೆಟಿವ್ ಮುಂದೆ ಇನ್ನೊಂದು ಕಡೆ ಲೋಹಕ್ಕೆ ಸೇರಿದ್ದರೆ ಹೀಗಾಗುವುದು ಸಾಮಾನ್ಯ. ಮೊದಲು ಎರಡೂ ಬಿಗಿಯಾಗಿವೆಯೇ ನೋಡಿ. ಆಮೇಲೂ ಹೋಗದಿದ್ದರೆ ಎರಡನ್ನೂ ಒಂದೇ ಜಾಗಕ್ಕೆ ಸೇರಿಸಿ. ಗೆರೆಗಳ ಬದಲು ಇಡೀ ಚಿತ್ರವೇ ಮಿಣುಕುತ್ತಿದ್ದರೆ ಕಾರಣ ಬೇರೆ. ಹೊಸ ಕಾರುಗಳಲ್ಲಿ ಕೆಲವು ದೀಪಗಳಿಗೆ ವಿದ್ಯುತ್ತನ್ನು ಒಂದೇ ಸಮನೆ ಕೊಡದೆ, ಕಣ್ಣಿಗೆ ಕಾಣದಷ್ಟು ವೇಗವಾಗಿ ಬಿಟ್ಟುಬಿಟ್ಟು ಕೊಡಲಾಗುತ್ತದೆ. ಬಲ್ಬು ಅದನ್ನು ಸಹಿಸುತ್ತದೆ, ಕ್ಯಾಮೆರಾ ಸಹಿಸುವುದಿಲ್ಲ. ನಡುವೆ, ವಿದ್ಯುತ್ತಿನ ಏರಿಳಿತವನ್ನು ಸಮಮಾಡುವ ಕೆಪ್ಯಾಸಿಟರ್ ಇರುವ ಫಿಲ್ಟರ್ ಸೇರಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ವೈರ್‌ಲೆಸ್ ಕ್ಯಾಮೆರಾ ಕೊಂಡರೆ ಈ ತಾಪತ್ರಯವೇ ಇಲ್ಲವಲ್ಲ?

ಉತ್ತರ: ಚಿತ್ರದ ವೈರು ಎಳೆಯುವುದು ಮಾತ್ರ ತಪ್ಪುತ್ತದೆ, ರಿವರ್ಸ್ ದೀಪದಿಂದ ವಿದ್ಯುತ್ ಪಡೆಯುವ ಕೆಲಸ ಹಾಗೆಯೇ ಇರುತ್ತದೆ. ಅಗ್ಗದವುಗಳಲ್ಲಿ ಹೆಚ್ಚಿನವು ವೈಫೈ ಮತ್ತು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲೇ ಕೆಲಸ ಮಾಡುವುದರಿಂದ ಚಿತ್ರ ತಡೆದು ತಡೆದು ಬರಬಹುದು. ಹಿಂದಕ್ಕೆ ಚಲಿಸುವ ಕಾರಿನಲ್ಲಿ ಒಂದು ಕ್ಷಣ ಹಳೆಯದಾದ ಚಿತ್ರವನ್ನು ನಾನು ನಂಬಲಾರೆ. ಒಂದು ದಿನ ಹೆಚ್ಚು ಹಿಡಿದರೂ ವೈರೇ ಇರಲಿ.

ಪ್ರಶ್ನೆ: ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳನ್ನು ನಂಬಬಹುದೇ?

ಉತ್ತರ: ನೀವೇ ಅಳೆದು ನೋಡುವವರೆಗೆ ನಂಬಬೇಡಿ. ಆ ಗೆರೆಗಳನ್ನು ಕಾರ್ಖಾನೆಯಲ್ಲಿ ಯಾವುದೋ ಒಂದು ಎತ್ತರ, ಒಂದು ಓರೆಯನ್ನು ಊಹಿಸಿ ಎಳೆದಿರುತ್ತಾರೆ. ನಿಮ್ಮ ಕಾರಿನಲ್ಲಿ ಕ್ಯಾಮೆರಾ ಕೂತಿರುವ ಎತ್ತರ ಅವಕ್ಕೆ ಗೊತ್ತಿಲ್ಲ. ಮೇಲಾಗಿ ಅಗಲ ಕೋನದ ಲೆನ್ಸ್ ಎಲ್ಲವನ್ನೂ ಇರುವುದಕ್ಕಿಂತ ದೂರದಲ್ಲಿರುವಂತೆ ತೋರಿಸುತ್ತದೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಬಂಪರಿನಿಂದ ಅರ್ಧ ಮೀಟರ್, ಒಂದು ಮೀಟರ್, ಎರಡು ಮೀಟರ್ ದೂರಗಳಲ್ಲಿ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, ಚಾಲಕನ ಸೀಟಿನಲ್ಲಿ ಕೂತು ಅವು ಪರದೆಯ ಯಾವ ಜಾಗದಲ್ಲಿ ಬೀಳುತ್ತವೆ ನೋಡಿ. ಬಂಪರಿನ ಅಂಚು ಪರದೆಯ ತಳದಲ್ಲಿ ಒಂದು ಎಳೆಯಷ್ಟಾದರೂ ಕಾಣುವಂತೆ ಕ್ಯಾಮೆರಾವನ್ನು ಬಾಗಿಸಿ. ಅದು ಕಾಣದಿದ್ದರೆ ಬಂಪರಿಗೆ ಅತಿ ಹತ್ತಿರದ ಜಾಗವೇ ಮರೆಯಾದಂತೆ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ಕಾರಿನ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು, ರಿವರ್ಸ್ ಗೇರ್ ಬಿದ್ದ 2 ಸೆಕೆಂಡುಗಳೊಳಗೆ ಚಿತ್ರ ಮೂಡಬೇಕು ಎಂದು ಆ ನಿಯಮ ಹೇಳುತ್ತದೆ. ಮನೆಯಲ್ಲಿ ಅಳವಡಿಸಿಕೊಂಡದ್ದಕ್ಕೂ ಇದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಚಿತ್ರ ತಡವಾಗಿ ಬರುವ ಪರದೆಯಾದರೆ, ಅದು ಮೂಡುವವರೆಗೆ ಬ್ರೇಕಿನಿಂದ ಕಾಲು ತೆಗೆಯಬೇಡಿ.

ಮೊದಲ ಪತ್ರ ಬರೆದ ಹಿರಿಯರು ಸೀಮೆಸುಣ್ಣದ ಗೆರೆಗಳ ಬಳಿಕ ಆ ಮೂರು ಚಕ್ರದ ಸೈಕಲ್ಲನ್ನೇ ತಂದು ಬಂಪರಿಗೆ ಒಂದು ಅಡಿ ದೂರದಲ್ಲಿ ನಿಲ್ಲಿಸಲಿ, ಆಮೇಲೆ ಎಡ ಮೂಲೆಗೆ, ಬಲ ಮೂಲೆಗೆ ಸರಿಸಲಿ. ಸೈಕಲ್ಲಿನ ಹ್ಯಾಂಡಲ್ ಯಾವ ಜಾಗದಲ್ಲಿ ಪರದೆಯಿಂದ ಮರೆಯಾಗುತ್ತದೆಯೋ, ಕಾರು ತೆಗೆಯುವ ಮುನ್ನ ಇಳಿದು ನೋಡಬೇಕಾದ ಜಾಗ ಅದೇ.