ಇಪ್ಪತ್ತೈದು ಸಾವಿರದೊಳಗೆ ಲಿನಕ್ಸ್‌ಗೆ ಒಗ್ಗುವ ಲ್ಯಾಪ್‌ಟಾಪ್

ಪ್ರಶ್ನೆ: ನನ್ನ ಮಗಳು ಈ ವರ್ಷ ಬಿಸಿಎಗೆ ಸೇರಿದ್ದಾಳೆ. ಕಾಲೇಜಿನ ಪ್ರಯೋಗಾಲಯದಲ್ಲಿ ಉಬುಂಟು (ವಿಂಡೋಸ್‌ಗೆ ಬದಲಾಗಿ ಬಳಸುವ ಲಿನಕ್ಸ್‌ನ ಒಂದು ಬಗೆ) ಇರುವುದರಿಂದ ಮನೆಯಲ್ಲೂ ಲಿನಕ್ಸ್ ಹಾಕಿದ ಲ್ಯಾಪ್‌ಟಾಪೇ ಬೇಕೆನ್ನುತ್ತಾಳೆ. ನಾನು ಎತ್ತಿಟ್ಟಿರುವುದು 25 ಸಾವಿರ ರೂಪಾಯಿ. ಅಂಗಡಿಯವರು ಈ ಮೊತ್ತಕ್ಕೆ ಸೆಲೆರಾನ್ ಪ್ರೊಸೆಸರ್ ಇರುವ ಹೊಸ ಲ್ಯಾಪ್‌ಟಾಪ್ ಒಂದನ್ನು ತೋರಿಸಿದರು. ಕೊಳ್ಳಬಹುದೆ?
– ಒಬ್ಬ ಪೋಷಕರು, ಸಾಗರ

ಉತ್ತರ: ದಯವಿಟ್ಟು ಕೊಳ್ಳಬೇಡಿ. ಈ ದರ್ಜೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆಲೆರಾನ್ ಎನ್4020 ಪ್ರೊಸೆಸರ್‌ಗೆ ಇರುವುದು ಎರಡೇ ಕೋರ್, ಅಂದರೆ ಕೆಲಸ ಮಾಡುವ ಎರಡೇ ಘಟಕ. ರ‍್ಯಾಮ್ ಹಲವು ಮಾದರಿಗಳಲ್ಲಿ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಸಂಗ್ರಹಕ್ಕೆ ಎಸ್‌ಎಸ್‌ಡಿಯ ಬದಲು ನಿಧಾನಗತಿಯ ಇಎಂಎಂಸಿ ಇರುವುದೂ ಉಂಟು. ಇವುಗಳ ಮೇಲೆ ಲಿನಕ್ಸ್ ನಡೆಯುತ್ತದೆ ಎನ್ನುವುದು ನಿಜ. ಆದರೆ ನಿಮ್ಮ ಮಗಳು ಎರಡನೆಯ ವರ್ಷಕ್ಕೆ ಬಂದು, ಬ್ರೌಸರ್, ಕೋಡ್ ಬರೆಯುವ ಎಡಿಟರ್ ಮತ್ತು ಒಂದು ಡೇಟಾಬೇಸ್ ಈ ಮೂರನ್ನೂ ಒಟ್ಟಿಗೆ ತೆರೆದಿಟ್ಟು ಕೆಲಸ ಮಾಡಬೇಕಾದಾಗ ಯಂತ್ರ ಏದುಸಿರು ಬಿಡುತ್ತದೆ, ಮತ್ತು ಆಗ ಅದಕ್ಕೆ ರ‍್ಯಾಮ್ ಸೇರಿಸುವ ದಾರಿಯೂ ಇರುವುದಿಲ್ಲ.

ಕಡಿಮೆ ಹಣದಲ್ಲಿ ಲ್ಯಾಪ್‌ಟಾಪ್ ಆರಿಸುವಾಗ ನಾನು ಪಾಲಿಸುವ ನಿಯಮ ಒಂದೇ. ಮುಂದೆ ಬದಲಾಯಿಸಲು ಆಗದ ಅಥವಾ ಕಷ್ಟವಾಗುವ ಭಾಗಗಳಿಗೆ, ಅಂದರೆ ಪ್ರೊಸೆಸರ್, ಪರದೆ, ಕೀಲಿಮಣೆ ಮತ್ತು ಗಟ್ಟಿಯಾದ ಮೈಕಟ್ಟಿಗೆ, ಇಂದು ಹಣ ಹಾಕಬೇಕು. ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿಗಳನ್ನು ಕೈಯಲ್ಲಿ ಕಾಸು ಕೂಡಿದಂತೆ ಆಮೇಲೆ ಹಾಕಿಸಿಕೊಳ್ಳಬಹುದು. ಈ ನಿಯಮಕ್ಕೆ ಹೊಂದುವ ಯಂತ್ರ ನಿಮ್ಮ ಮೊತ್ತದಲ್ಲಿ ಹೊಸದಾಗಿ ಸಿಗುವುದು ಕಷ್ಟ. ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟು, ಕೆಲವು ವರ್ಷಗಳ ನಂತರ ಒಟ್ಟಾಗಿ ಮಾರಿಬಿಡುವ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಿಗುತ್ತದೆ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಇವು ಮೂರೂ 2018ರ ಮಾದರಿಗಳು. ಮೂರರಲ್ಲೂ ರ‍್ಯಾಮ್‌ಗೆ ಎರಡು ಸ್ಲಾಟ್‌ಗಳಿವೆ, ಮೂರೂ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್‌ನೊಂದಿಗೆ ಸಿಗುತ್ತವೆ.

8ನೇ ತಲೆಮಾರು ಎಂದು ಒತ್ತಿ ಹೇಳಲು ಕಾರಣವಿದೆ. ಅದಕ್ಕೆ ಹಿಂದಿನ ಐ5-7200ಯು ಪ್ರೊಸೆಸರ್‌ಗೆ ಎರಡು ಕೋರ್‌ಗಳಿದ್ದರೆ, 2017ರಲ್ಲಿ ಬಂದ ಐ5-8250ಯುಗೆ ನಾಲ್ಕು ಕೋರ್‌ಗಳಿವೆ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಈ ವ್ಯತ್ಯಾಸ ಪ್ರತಿದಿನವೂ ಅನುಭವಕ್ಕೆ ಬರುತ್ತದೆ. ಹಣ ಇನ್ನೂ ಕಡಿಮೆಯಿದ್ದರೆ 7ನೇ ತಲೆಮಾರಿನ ಟಿ470 ಕೂಡ ಕೆಟ್ಟ ಆಯ್ಕೆಯಲ್ಲ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು, ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹೀಗಾಗಿ ವಿಂಡೋಸ್ ಬಳಕೆದಾರರು ಕೈಬಿಡುವ, ಆದರೆ ಲಿನಕ್ಸ್‌ನಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲ ಯಂತ್ರಗಳು ಇವು.

ಹೆಸರಿನ ಕೊನೆಯ ಒಂದು ಅಕ್ಷರವೂ ಇಲ್ಲಿ ಮುಖ್ಯ. ಟಿ480ಕ್ಕೂ ಟಿ480ಎಸ್‌ಗೂ ವ್ಯತ್ಯಾಸವಿದೆ: ಎರಡನೆಯದರಲ್ಲಿ ರ‍್ಯಾಮ್‌ನ ಒಂದು ಪಾಲು ಬೆಸುಗೆಯಾಗಿದ್ದು, ಇರುವುದು ಒಂದೇ ಸ್ಲಾಟ್. ಎಕ್ಸ್280ರಲ್ಲಂತೂ ಪೂರ್ತಿ ಬೆಸುಗೆಯೇ. ಪರದೆ 1920×1080 ಇದೆಯೇ ಎಂದು ಕೇಳಿ, ಏಕೆಂದರೆ ಇವುಗಳಲ್ಲಿ ಕೆಲವು ಮಾದರಿಗಳು 1366×768ರ ಮಸುಕು ಪರದೆಯೊಂದಿಗೂ ಬಂದಿದ್ದವು. ಎನ್‌ವಿಡಿಯಾ ಗ್ರಾಫಿಕ್ಸ್ ಬೇರೆ ಇದೆ ಎಂದು ಅಂಗಡಿಯವರು ಹೆಚ್ಚು ಹಣ ಕೇಳಿದರೆ ಬೇಡವೆನ್ನಿ. ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇರುವುದರಿಂದ ನೀವು ಏನೂ ಮಾಡಬೇಕಾಗಿಲ್ಲ. ಟಿ480ರಲ್ಲಿ ಬೆರಳಿನ ಗುರುತು ಓದುವ ಸಾಧನ ಲಿನಕ್ಸ್ ಹಾಕಿದೊಡನೆ ಕೆಲಸ ಮಾಡುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕೆಂದಿಲ್ಲ, ಆದರೆ ಯಂತ್ರವನ್ನು ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ. ಹೋಗುವಾಗ 8 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ ಬರೆಸಿಕೊಂಡು ಹೋಗಿ. ಮಗಳ ಸಹಪಾಠಿಗಳಲ್ಲಿ ಯಾರಾದರೂ ರೂಫಸ್ ತಂತ್ರಾಂಶದಿಂದ ಹತ್ತು ನಿಮಿಷದಲ್ಲಿ ಮಾಡಿಕೊಟ್ಟಾರು. ಥಿಂಕ್‌ಪ್ಯಾಡ್ ಮತ್ತು ಡೆಲ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀಲಿಯನ್ನು ಯಂತ್ರ ಆನ್ ಆಗುವಾಗ ಒತ್ತಿ, ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಅದರಿಂದಲೇ ಲಿನಕ್ಸ್ ಶುರುವಾಗುತ್ತದೆ, ಒಳಗಿನ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಆಗ ವೈಫೈ ಪಟ್ಟಿ ಕಾಣುತ್ತದೆಯೆ, ಧ್ವನಿ ಬರುತ್ತದೆಯೆ, ಕ್ಯಾಮೆರಾ ಬೆಳಗುತ್ತದೆಯೆ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಳ್ಳುತ್ತದೆಯೆ ಎಂದು ನೋಡಿ. ಒಂದು ಖಾಲಿ ಕಡತ ತೆರೆದು ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪಿಸುವ ಕಿಟಕಿಯಲ್ಲಿ, ‘upower -d’ ಎಂಬ ಆಜ್ಞೆ ಕೊಟ್ಟರೆ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗ ಉಳಿದಿರುವ ಸಾಮರ್ಥ್ಯ ಎರಡೂ ಕಾಣುತ್ತವೆ. ಟಿ480ರಲ್ಲಿ ಒಳಗೊಂದು ಹೊರಗೊಂದು ಬ್ಯಾಟರಿ ಇರುವುದರಿಂದ ಎರಡನ್ನೂ ನೋಡಬೇಕು. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ ಬಯೋಸ್, ಅಂದರೆ ಯಂತ್ರ ಆನ್ ಆದೊಡನೆ ಮೊದಲು ನಡೆಯುವ ಮೂಲ ತಂತ್ರಾಂಶ, ತೆರೆದು ನೋಡಿ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ನಾನು ಕೊಂಡ ಯಂತ್ರಕ್ಕೆ ಹಿಂದಿನ ಕಂಪನಿಯವರು ಹಾಕಿದ್ದ ಬಯೋಸ್ ಪಾಸ್‌ವರ್ಡ್ ಹಾಗೆಯೇ ಉಳಿದಿತ್ತು. ಮನೆಗೆ ಬಂದು ಪೆನ್‌ಡ್ರೈವ್‌ನಿಂದ ಶುರುಮಾಡಲು ಹೊರಟಾಗಲೇ ನನಗೆ ಅದು ತಿಳಿದದ್ದು. ಥಿಂಕ್‌ಪ್ಯಾಡ್‌ಗಳಲ್ಲಿ ಈ ಪಾಸ್‌ವರ್ಡ್ ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ಉಳಿಯುವುದರಿಂದ ಒಳಗಿನ ಗುಂಡು ಬ್ಯಾಟರಿ ತೆಗೆದು ಹಾಕಿದರೂ ಅಳಿಯುವುದಿಲ್ಲ. ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿದಾಗ ಪಾಸ್‌ವರ್ಡ್ ಕೇಳಿದರೆ, ಬೆಲೆ ಎಷ್ಟೇ ಇಳಿದರೂ ಆ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. ಜಿಎಸ್‌ಟಿ ಬಿಲ್ಲು ಮತ್ತು ಬರಹದಲ್ಲಿ ವಾರಂಟಿ ಕೊಡುವ ಅಂಗಡಿಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಯಿಂದ ಮೊದಲ ವರ್ಷ ನಿರಾತಂಕವಾಗಿ ಕಳೆಯುತ್ತದೆ. ಆಂಡ್ರಾಯ್ಡ್ ಸ್ಟುಡಿಯೋ ಬಳಸುವ ಸಂದರ್ಭ ಬಂದಾಗ ಇನ್ನೊಂದು 8 ಜಿಬಿ ಸೇರಿಸಿ. ಒಂದು ವಿಷಯವನ್ನು ಮಾತ್ರ ಕಾಲೇಜಿನಲ್ಲಿ ಮೊದಲೇ ಕೇಳಿಕೊಳ್ಳಿ: ಪಠ್ಯದಲ್ಲಿ ಟ್ಯಾಲಿಯಂಥ ವಿಂಡೋಸ್‌ಗೆ ಮೀಸಲಾದ ತಂತ್ರಾಂಶವಿದ್ದರೆ, ಯಂತ್ರದಲ್ಲಿ ಈಗಾಗಲೇ ಇರುವ ವಿಂಡೋಸನ್ನು ಅಳಿಸದೆ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಇಪ್ಪತ್ತು ವರ್ಷಗಳಿಂದ ‘ನುಡಿ’ಯಲ್ಲಿ ಬೆರಳಚ್ಚು ಮಾಡುತ್ತ ಬಂದಿದ್ದೇನೆ. ಲಿನಕ್ಸ್‌ಗೆ ಬದಲಾದರೆ ನನ್ನ ಕನ್ನಡದ ಗತಿಯೇನು?
– ಒಬ್ಬ ಓದುಗರು, ಧಾರವಾಡ

ಉತ್ತರ: ನಿಮ್ಮ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ಬಗೆಗಳಲ್ಲಿ ‘ಐಬಸ್-ಎಂ17ಎನ್’ ಎಂಬ ಪ್ಯಾಕೇಜ್ ಹಾಕಿಕೊಂಡರೆ ಕನ್ನಡ ವಿಭಾಗದಲ್ಲಿ ‘ಕೆಜಿಪಿ’ ಎಂಬ ಕೀಲಿಮಣೆ ವಿನ್ಯಾಸ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ, ಅಂದರೆ ನೀವು ನುಡಿಯಲ್ಲಿ ಬಳಸುತ್ತಿರುವ ವಿನ್ಯಾಸವೇ ಅದು. ಅಕ್ಷರಗಳಿಗೆ ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ ಕ್ರಮ) ಬಳಕೆಗೆ ಬರುವ ಮುನ್ನ ನುಡಿಯಲ್ಲಿ ಟೈಪಿಸಿದ ಬರಹಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತವೆ. ನುಡಿಯ ಫಾಂಟ್ ಕಡತವನ್ನು ಲಿನಕ್ಸ್‌ನಲ್ಲಿ ಸೇರಿಸಿಕೊಂಡರೆ ಸದ್ಯಕ್ಕೆ ಓದಬಹುದು. ಆದರೆ ಇಪ್ಪತ್ತು ವರ್ಷಗಳ ಬರಹ ಮುಂದಿನವರಿಗೂ ದಕ್ಕಬೇಕಾದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಡುವುದು ಅಗತ್ಯ. ಇದಕ್ಕೆ ಉಚಿತ ಪರಿವರ್ತಕಗಳಿವೆ. ಮೂಲ ಕಡತಗಳನ್ನು ಬೇರೆಡೆ ಕಾದಿರಿಸಿಕೊಂಡು ದಿನಕ್ಕೆ ಒಂದೆರಡರಂತೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ಕಣ್ಣಾಡಿಸಿ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದೆ. ವೈಫೈ ಕಾಣುತ್ತಲೇ ಇಲ್ಲ.
– ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ಬಹುಶಃ ಅದರೊಳಗಿರುವುದು ಬ್ರಾಡ್‌ಕಾಮ್ ವೈಫೈ ಕಾರ್ಡ್. ಫೋನನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಮೂಲಕ ಇಂಟರ್‌ನೆಟ್ ಕೊಟ್ಟು, ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ; ಬೇಕಾದ ಡ್ರೈವರನ್ನು ಅದೇ ಹುಡುಕಿ ತೋರಿಸುತ್ತದೆ. ಅಲ್ಲಿ ಏನೂ ಕಾಣದಿದ್ದರೆ ಕಾರ್ಡನ್ನೇ ತೆಗೆಸಿ ಇಂಟೆಲ್‌ನ ಕಾರ್ಡ್ ಹಾಕಿಸಬಹುದು. ಆದರೆ ತೀರಾ ಹಳೆಯ ಕೆಲವು ಯಂತ್ರಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ತಿರಸ್ಕರಿಸುತ್ತದೆ. ಕಾರ್ಡ್ ಕೊಳ್ಳುವ ಮೊದಲು ನಿಮ್ಮ ಮಾದರಿಗೆ ಅಂಥ ನಿರ್ಬಂಧವಿದೆಯೇ ಎಂದು ವಿಚಾರಿಸಿ. ಇದ್ದರೆ, ಲಿನಕ್ಸ್ ಬೆಂಬಲವಿರುವ ಯುಎಸ್‌ಬಿ ವೈಫೈ ಅಡಾಪ್ಟರ್ ಸಾಕು.