"ಖುಷಿಪಡೋಕೆ ನಾಚಿಕೆಯಾಗುತ್ತೆ ಮೇಡಂ"

(ಸಲಹಾರ್ಥಿಯ ಗುರುತು ಸಿಗದಂತೆ ವೃತ್ತಿ, ವಯಸ್ಸು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಇವರನ್ನು ಮೇಷ್ಟ್ರು ಎಂದೇ ಕರೆಯೋಣ. ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ತಾವಾಗಿ ಬಂದವರಲ್ಲ, ಹೆಂಡತಿ ಕರೆತಂದಿದ್ದರು. ಆಕೆಯ ದೂರು ಚಿಕ್ಕದು: "ಮನೇಲಿದ್ದೂ ಇಲ್ಲದ ಹಾಗಿರ್ತಾರೆ. ನಡುರಾತ್ರಿ ಎದ್ದು ಫೋನ್ ಹಿಡೀತಾರೆ. ಮೊಮ್ಮಗಳು ಏನಾದ್ರೂ ತೋರಿಸೋಕೆ ಬಂದ್ರೆ 'ಆಮೇಲೆ ಬಾರಮ್ಮ' ಅಂತ ಕಳಿಸ್ತಾರೆ."

ಮೇಷ್ಟ್ರ ಬಳಿ ಇದಕ್ಕೆ ಉತ್ತರ ಸಿದ್ಧವಿತ್ತು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ನೆರೆ, ಎಲ್ಲ ಕಡೆ ಬೆಲೆ ಏರಿಕೆ, ಕೆಲಸ ಕಳೆದುಕೊಂಡ ಹುಡುಗರು. ಕೀಲಿ ಕೊಡುವ ಹಳೆಯ ಗಡಿಯಾರಗಳನ್ನು ರಿಪೇರಿ ಮಾಡುವುದು ಅವರ ಬಹುಕಾಲದ ಹುಚ್ಚು, ಅದನ್ನೂ ಬಿಟ್ಟಿದ್ದರು. "ಜನ ಹೀಗೆ ಸಾಯ್ತಿರುವಾಗ ನಾನು ಗಡಿಯಾರ ಬಿಚ್ಚಿಕೊಂಡು ಕೂತಿರೋದಾ? ಖುಷಿಪಡೋಕೆ ನಾಚಿಕೆಯಾಗುತ್ತೆ ಮೇಡಂ."

ಲೋಕದ ಚಿಂತೆಯ ಹಿಂದೆ ಬೇರೇನಾದರೂ ಅಡಗಿದೆಯೇ ಎಂದು ಮೊದಲು ನೋಡಬೇಕಾಗುತ್ತದೆ. ನಿದ್ದೆ, ಊಟ, ತೂಕ, ಜೀವ ಕಳೆದುಕೊಳ್ಳುವ ಯೋಚನೆ ಎಲ್ಲವನ್ನೂ ಕೇಳಿದೆ. ಖಿನ್ನತೆ ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 0ಯಿಂದ 27ರವರೆಗೆ ಅಂಕ ಬರುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಾವು ಎಚ್ಚರವಾಗುತ್ತೇವೆ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ 'ಹೌದು' ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಮಾತಿನ ದಿಕ್ಕೇ ಬೇರೆ, ಮನೋವೈದ್ಯರನ್ನು ಕಾಣಿಸಲೇಬೇಕು. ಮೇಷ್ಟ್ರ ಅಂಕ ಹತ್ತರ ಒಳಗಿತ್ತು, ಒಂಬತ್ತನೆಯದಕ್ಕೆ ಸ್ಪಷ್ಟವಾಗಿ 'ಇಲ್ಲ' ಎಂದರು. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದೆ. ಅಲ್ಲೂ ತೊಂದರೆಯಿರಲಿಲ್ಲ.

ಆಮೇಲೆ ಕೇಳಿದೆ: "ನೀವು ರಾತ್ರಿಯಿಡೀ ನೋಡಿದ್ದರಿಂದ ಯಾರಿಗೆ ಏನು ಅನುಕೂಲವಾಯ್ತು ಮೇಷ್ಟ್ರೇ?"

ಅವರಿಗೆ ಸಿಟ್ಟು ಬಂತು. ತಿಳಿದುಕೊಂಡಿರುವುದು ಪ್ರಜೆಯ ಕರ್ತವ್ಯ ಎಂದರು. ಒಪ್ಪಿದೆ. ಆದರೆ ತಿಳಿದುಕೊಳ್ಳುವುದಕ್ಕೆ ಇಪ್ಪತ್ತು ನಿಮಿಷ ಸಾಕು, ಉಳಿದ ಹೊತ್ತು ಸುಮ್ಮನೆ ನೋಯುವುದು. ನಾನು ನೊಂದರೆ ಕಷ್ಟದಲ್ಲಿರುವವರಿಗೆ ನ್ಯಾಯ ಸಲ್ಲಿಸಿದಂತೆ ಎಂಬ ಲೆಕ್ಕ ಇವರ ಒಳಗೆ ಕೂತಿತ್ತು. ಒಳ್ಳೆಯ ಮನಸ್ಸಿನವರಲ್ಲೇ ಇದನ್ನು ಹೆಚ್ಚು ಕಾಣುತ್ತೇನೆ.

ವಿಜ್ಞಾನದ ಮೇಷ್ಟ್ರಲ್ಲವೇ, ಸಮಾಧಾನದ ಮಾತಿಗಿಂತ ಅಧ್ಯಯನ ಹಿಡಿಸೀತೆಂದು 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ವಿಷಯ ತೆಗೆದೆ. ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಫೋಟದ ಜಾಗದಲ್ಲಿದ್ದವರಿಗಿಂತಲೂ ಹೆಚ್ಚು ತೀವ್ರ ಒತ್ತಡದ ಲಕ್ಷಣಗಳು ಕಂಡವು. ಮೇಷ್ಟ್ರು ಕೂಡಲೇ ಹಿಡಿದರು: "ಮೊದಲೇ ಆತಂಕ ಇದ್ದವರೇ ಜಾಸ್ತಿ ನೋಡಿರಬಹುದಲ್ಲ?" ಅವರ ಕಣ್ಣಲ್ಲಿ ಜೀವ ಕಂಡದ್ದು ಆಗಲೇ. ಜನರ ಹಿಂದಿನ ಮಾನಸಿಕ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿದೇ ಆ ಫಲಿತಾಂಶ ಬಂದದ್ದು ಎಂದೆ. ಸುಮ್ಮನಾದರು. ಪೂರ್ತಿ ಒಪ್ಪಿದರೆಂದು ನನಗನ್ನಿಸಲಿಲ್ಲ.

ಇನ್ನೊಂದು ಮಾತನ್ನೂ ಹೇಳಿದೆ. 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ನಾಯಿಗಳ ಮೇಲೆ ಪ್ರಯೋಗ ಮಾಡಿ, ತಪ್ಪಿಸಿಕೊಳ್ಳಲಾಗದ ನೋವಿಗೆ ಸಿಕ್ಕ ಪ್ರಾಣಿ ಅಸಹಾಯಕತೆಯನ್ನು 'ಕಲಿಯುತ್ತದೆ' ಎಂದಿದ್ದರು. 2016ರಲ್ಲಿ ಅದೇ ಇಬ್ಬರು, ಮೆದುಳಿನ ಮೇಲಿನ ಸಂಶೋಧನೆಗಳ ಬೆಳಕಿನಲ್ಲಿ, ಆ ಮಾತನ್ನು ತಿರುಗಿಸಿದರು. ದೀರ್ಘ ಕಷ್ಟದಲ್ಲಿ ಕೈಚೆಲ್ಲುವುದು ಸಹಜ ಪ್ರತಿಕ್ರಿಯೆ. 'ನನ್ನಿಂದ ಏನೋ ಆಗುತ್ತದೆ' ಎಂಬುದೇ ಕಲಿಯಬೇಕಾದದ್ದು. ಮೇಷ್ಟ್ರು ಕೈಚೆಲ್ಲಿ ಕೂತದ್ದು ಅವರ ದೌರ್ಬಲ್ಯವೇನಲ್ಲ. ಹಾಗೆಂದು ಕೂತಲ್ಲೇ ಕೂತರೆ ಆ ಪಾಠ ಬರುವುದೂ ಇಲ್ಲ.

ಸುದ್ದಿಯ ಮಟ್ಟಿಗೆ ಸಲಹೆ ಸರಳ: ದಿನಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ, ವಿಡಿಯೊ ಬೇಡ, ಓದಿ. ಫೋನ್ ಮಲಗುವ ಕೋಣೆಯಿಂದ ಹೊರಗಿರಲಿ.

ಗಡಿಯಾರದ ವಿಷಯದಲ್ಲಿ ಹಟ ಮಾಡಿದರು. "ಮನಸ್ಸು ಬಂದಾಗ ಮಾಡ್ತೀನಿ." ಇದು ಎಲ್ಲರೂ ಹೇಳುವ ಮಾತು, ಮತ್ತು ಇದರಲ್ಲಿ ಕ್ರಮ ಹಿಂದುಮುಂದಾಗಿದೆ. ಖುಷಿ ಕೊಡುವ ಚಟುವಟಿಕೆಯಿಂದ ಹಿಂದೆ ಸರಿದಷ್ಟೂ ಮನಸ್ಸು ಕುಗ್ಗುತ್ತದೆ, ಕುಗ್ಗಿದಷ್ಟೂ ಇನ್ನಷ್ಟು ಹಿಂದೆ ಸರಿಯುತ್ತೇವೆ ಎಂಬುದನ್ನು 1970ರ ದಶಕದಲ್ಲೇ ಪೀಟರ್ ಲೆವಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟರು. ಹಾಗಾಗಿ ಮೊದಲು ಕೈ, ಆಮೇಲೆ ಮನಸ್ಸು. ದಿನಾ ಅರ್ಧ ಗಂಟೆ ಕೂರಿ ಎಂದೆ. ಒಳ್ಳೆ ಕೆಲಸ ಮಾಡಿದ್ದಕ್ಕೆ ಬಹುಮಾನವಾಗಿ ಅಲ್ಲ, ಮುಂದಿನ ಹೋರಾಟಕ್ಕೆ ಶಕ್ತಿ ಬರಲೆಂದೂ ಅಲ್ಲ. ಅದು ನಿಮಗೆ ಇಷ್ಟ, ಅಷ್ಟೇ. ಖುಷಿಗೂ ಉಪಯೋಗದ ಲೆಕ್ಕ ಹಚ್ಚಿದರೆ ಅದೂ ಒಂದು ಡ್ಯೂಟಿಯಾಗುತ್ತದೆ. ಕೃತಜ್ಞತೆಯ ಡೈರಿ ಬರೆಯುವುದೂ ಒಂದು ದಾರಿ, ಎಷ್ಟೋ ಜನರಿಗೆ ಒಗ್ಗುತ್ತದೆ. ಇವರು ಮುಖ ಕಿವುಚಿದರು, ನಾನು ಒತ್ತಾಯಿಸಲಿಲ್ಲ.

ಮುಂದಿನ ಭೇಟಿಯಲ್ಲಿ ಗಡಿಯಾರ ಬಿಚ್ಚುವ ಪದ್ಧತಿಯನ್ನು ನನಗೇ ಪಾಠ ಮಾಡಿದರು. ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ನಿಧಾನವಾಗಿ ಇಳಿಸಬೇಕು, ಇಲ್ಲದಿದ್ದರೆ ಅದು ಚಿಮ್ಮಿ ಬೆರಳು ಕುಯ್ಯುತ್ತದೆ. ಬಿಳಿ ಹಾಳೆ ಹಾಸಿ, ತಿರುಪುಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿಟ್ಟು, ಒಂದೊಂದರ ಪಕ್ಕ ಪೆನ್ಸಿಲಿನಲ್ಲಿ ಅಂಕಿ ಬರೆಯಬೇಕು. ಈಗ ಆ ಅಂಕಿ ಬರೆಯುವ ಕೆಲಸ ಮೊಮ್ಮಗಳದಂತೆ. ಏಳನ್ನು ತಿರುಗಾಮುರುಗಾ ಬರೆಯುತ್ತಾಳೆ ಎಂದು ದೂರಿದರು, ನಗುತ್ತಾ.

ಇಷ್ಟಕ್ಕೇ ಬಿಟ್ಟಿದ್ದರೆ ಅವರ ನಾಚಿಕೆ ಮತ್ತೆ ಬರುತ್ತಿತ್ತು. ಅವರ ಕಳಕಳಿ ಸುಳ್ಳಲ್ಲ, ಅದಕ್ಕೆ ಕೆಲಸ ಬೇಕಿತ್ತು. ಯುದ್ಧ ನಿಲ್ಲಿಸುವುದು ಅವರಿಂದಾಗದು. ನಡೆದು ಹೋಗುವಷ್ಟು ದೂರದಲ್ಲಿ ಏನು ಕೆಟ್ಟಿದೆ ಎಂದು ಕೇಳಿದೆ. ಥಟ್ಟನೆ ಹೇಳಿದರು: ಸಾರ್ವಜನಿಕ ಗ್ರಂಥಾಲಯದ ವಾಚನಾಲಯವನ್ನು ಸಂಜೆ ಬೇಗ ಮುಚ್ಚುತ್ತಿದ್ದಾರೆ, ಮನೆಯಲ್ಲಿ ಓದಲು ಜಾಗವಿಲ್ಲದ ಹುಡುಗರಿಗೆ ತೊಂದರೆ.

ಮನವಿ ಬರೆದುಕೊಂಡು ಬನ್ನಿ ಎಂದರೆ ನಾಲ್ಕು ಪುಟ ತಂದರು. ಮೊದಲ ಪುಟದಲ್ಲಿ ಓದುವ ಸಂಸ್ಕೃತಿಯ ಅವನತಿ, ಎರಡನೆಯದರಲ್ಲಿ ಆಡಳಿತದ ಅವನತಿ. ವಾಚನಾಲಯ ಬಂದದ್ದು ಮೂರನೆಯದರ ಕೊನೆಗೆ. ಇಬ್ಬರೂ ಕೂತು ಅರ್ಧ ಪುಟಕ್ಕೆ ಇಳಿಸಿದೆವು. ಈ ಸಲಹೆ ಯಾರಿಗಾದರೂ ಹೊಂದುತ್ತದೆ: ಒಂದು ಪತ್ರಕ್ಕೆ ಒಂದೇ ಬೇಡಿಕೆ. ಎಲ್ಲಿ, ಯಾವಾಗಿನಿಂದ, ಯಾರಿಗೆ ತೊಂದರೆ, ಏನಾಗಬೇಕು. ತೀರ್ಮಾನ ಮಾಡುವ ಅಧಿಕಾರ ಯಾರಿಗಿದೆಯೋ ಅವರ ಹೆಸರಿಗೇ ಬರೆಯಿರಿ. ಲಿಖಿತ ಉತ್ತರ ಕೇಳಿ. ಪ್ರತಿಯ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಒಬ್ಬರೇ ಹೋಗಬೇಡಿ. ಒಂಟಿಯಾಗಿ ಅಲೆದವರು ಎರಡನೇ ಸುತ್ತಿಗೇ ಸೋಲುತ್ತಾರೆ. ಜೊತೆಗಿಬ್ಬರಿದ್ದರೆ ಕಾಯುವ ಬೆಂಚಿನ ಮೇಲೂ ಹರಟೆಯಿರುತ್ತದೆ.

ಮೇಷ್ಟ್ರು ಒಬ್ಬ ಹಳೇ ವಿದ್ಯಾರ್ಥಿಯನ್ನೂ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿಯನ್ನೂ ಜೊತೆ ಮಾಡಿಕೊಂಡರು. ಮೊದಲ ಪತ್ರಕ್ಕೆ ಉತ್ತರವೇ ಇಲ್ಲ. ಅದನ್ನು ಮೊದಲೇ ನಿರೀಕ್ಷಿಸಿ, ಉತ್ತರ ಬಾರದಿದ್ದರೆ ಯಾವ ದಿನ ನೆನಪೋಲೆ ಕೊಡಬೇಕೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೆ. ನೆನಪೋಲೆ ಹೋಯಿತು, ಸಾರ್ವಜನಿಕ ಅಹವಾಲು ಸಭೆಯಲ್ಲಿ ಆ ಹುಡುಗಿ ಮಾತಾಡಿದಳು. ಕೊನೆಗೆ ವಾರದಲ್ಲಿ ಎರಡು ಸಂಜೆ ಮಾತ್ರ ಹೆಚ್ಚು ಹೊತ್ತು ತೆರೆಯಲು ಒಪ್ಪಿದರು. ಸಿಬ್ಬಂದಿ ಇಲ್ಲವಂತೆ. ಮೇಷ್ಟ್ರು ಇದನ್ನು ಸೋಲು ಎಂದರು. ಆ ಎರಡು ಸಂಜೆ ಅಲ್ಲಿ ಯಾರು ಕೂತಿದ್ದಾರೆ ಎಂದು ಹೋಗಿ ನೋಡಿ ಬನ್ನಿ ಎಂದಷ್ಟೇ ಹೇಳಿದೆ. ಹೋಗಿ ಬಂದ ಮೇಲೆ ಆ ಮಾತೆತ್ತಲಿಲ್ಲ.

ಪ್ರಕರಣ ಮುಗಿದಿಲ್ಲ. ದೊಡ್ಡ ದುರಂತದ ಸುದ್ದಿ ಬಂದ ದಿನ ಫೋನ್ ಮತ್ತೆ ಹಾಸಿಗೆಗೆ ಬರುತ್ತದೆ. ಮರುದಿನದಿಂದ ನಿಯಮಕ್ಕೆ ಮರಳಿದರೆ ಸಾಕು ಎಂದು ಮಾತಾಗಿದೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಟ್ಟರೆ ನೇರ ವೈದ್ಯರ ಬಳಿ. ಹೆಂಡತಿಗೆ ಈಗ ಬೇರೆಯೇ ದೂರು: ಮನೆಗೆ ಬರುವವರು ಜಾಸ್ತಿಯಾಗಿದ್ದಾರೆ. ಕಳೆದ ಸಲ ಮೇಷ್ಟ್ರು ಬೀದಿದೀಪದ್ದೊಂದು, ಚರಂಡಿಯದ್ದೊಂದು ಮನವಿಯ ಕರಡು ಹಿಡಿದುಕೊಂಡು ಬಂದಿದ್ದರು. ಸದ್ಯಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಇನ್ನೊಂದನ್ನು ಆ ಹುಡುಗಿಗೆ ಒಪ್ಪಿಸಿ ಎಂದಿದ್ದೇನೆ. ಯಾವುದನ್ನು ಬಿಡುವುದೆಂದು ಇನ್ನೂ ತೀರ್ಮಾನಿಸಿಲ್ಲ.