ಒಳಲೆ ಕೊಡಲಾ, ಬಾಟಲಿ ಸೆಟ್ ಕೊಡಲಾ?

ಪ್ರಶ್ನೆ: ನನ್ನ ಗೆಳತಿಗೆ ಜುಲೈ ಮೊದಲ ವಾರ ಹೆಣ್ಣು ಮಗು ಹುಟ್ಟಿದೆ. ಹನ್ನೆರಡನೇ ದಿನಕ್ಕೆ ತೊಟ್ಟಿಲು ಶಾಸ್ತ್ರ. ಎರಡು ಸಾವಿರ ರೂಪಾಯಿ ಒಳಗೆ ಏನಾದರೂ ಕೊಡಬೇಕು ಅಂತ ಇದ್ದೇನೆ. ಅಂಗಡಿಯಲ್ಲಿ ಹಾಲಿನ ಬಾಟಲಿ, ಪೌಡರ್, ದಿಂಬು ಎಲ್ಲ ಇರುವ ಗಿಫ್ಟ್ ಸೆಟ್ ತೋರಿಸಿದರು. ಅಮ್ಮ ಮಾತ್ರ ಬೆಳ್ಳಿ ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು, ಕೊಡು ಅಂತಾರೆ. ಈಗ ಒಳಲೆ ಯಾರು ಬಳಸ್ತಾರೆ? ಯಾವುದು ಒಳ್ಳೆಯದು?
– ಓದುಗರು, ದಾವಣಗೆರೆ

ಶಿಶುತಜ್ಞರ ಉತ್ತರ: ನಿಮ್ಮ ಅಮ್ಮ ಹೇಳಿದ್ದೇ ಸರಿ.

ಒಳಲೆ ಹಳೇ ಕಾಲದ್ದು ಅಂತ ಅಟ್ಟಕ್ಕೆ ಹಾಕಿದವರು ಬಹಳ ಜನ. ಆದರೆ ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳ ನವಜಾತ ಶಿಶು ವಿಭಾಗದಲ್ಲಿ ಇವತ್ತಿಗೂ ದಿನಾ ಬಳಕೆಯಾಗುವುದು ಇದೇ. ಅಲ್ಲಿ ಅದಕ್ಕೆ ತಮಿಳಿನ ಪಾಲಾಡೈ ಅನ್ನುವ ಹೆಸರು ಅಂಟಿಕೊಂಡಿದೆ, ಅಷ್ಟೇ. ಮಗು ಎದೆ ಹಿಡಿಯದಿದ್ದಾಗ, ತಾಯಿಗೆ ಹುಷಾರಿಲ್ಲದಾಗ ಹಾಲು ಹಿಂಡಿ ಇದರಲ್ಲೇ ಕುಡಿಸುತ್ತಾರೆ. ಮುಂದೆ ನಿಮ್ಮ ಗೆಳತಿ ಕೆಲಸಕ್ಕೆ ಹೊರಟರೆ ಆಗಲೂ ಬೇಕಾಗುತ್ತದೆ.

ಬಾಟಲಿಗಿಂತ ಇದು ಯಾಕೆ ಮೇಲು? ಬಾಟಲಿಯ ರಬ್ಬರ್ ತೊಟ್ಟಿನ ಒಳಗೆ, ಮುಚ್ಚಳದ ಸಂದಿಯಲ್ಲಿ ಹಾಲು ಉಳಿದುಬಿಡುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಲ್ಲಿ ಬೆಳೆದ ರೋಗಾಣುವಿನಿಂದ ಮಗುವಿಗೆ ಭೇದಿ ಶುರುವಾಗುತ್ತದೆ. ಇನ್ನೊಂದು, ಎದೆಹಾಲು ಕುಡಿಯುವಾಗ ಮಗು ಬಾಯನ್ನು ಅಗಲ ತೆರೆದು ನಾಲಿಗೆಯಿಂದ ಒತ್ತಬೇಕು. ಬಾಟಲಿಗೆ ಅಷ್ಟು ಕಷ್ಟವಿಲ್ಲ. ಅದರ ರುಚಿ ಹತ್ತಿದ ಕೆಲವು ಮಕ್ಕಳು ಎದೆಗೆ ಬರುವುದೇ ಇಲ್ಲ ಅಂತ ಹಟ ಮಾಡುತ್ತವೆ. ನಮ್ಮ ದೇಶದಲ್ಲಿ 1992ರ ಕಾಯ್ದೆ ಹಾಲಿನ ಬಾಟಲಿಯ ಜಾಹೀರಾತನ್ನೇ ನಿಷೇಧಿಸಿದೆ. ಕಾನೂನೇ ಪ್ರಚಾರ ಬೇಡ ಅಂದಿರುವ ವಸ್ತುವನ್ನು ನಾವು ಬಣ್ಣದ ಕಾಗದ ಸುತ್ತಿ ಬಾಣಂತಿ ಕೈಗೆ ಕೊಡುತ್ತಿದ್ದೇವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಒಳಲೆಗೆ ಮುಚ್ಚಳವಿಲ್ಲ, ಸಂದಿಯಿಲ್ಲ. ಸೋಪು ಹಾಕಿ ತೊಳೆದು ಹತ್ತು ನಿಮಿಷ ಕುದಿಸಿದರೆ ಸಾಕು. ಕೊಳ್ಳುವಾಗ ಒಳಭಾಗ ನುಣ್ಣಗಿದೆಯಾ ನೋಡಿ. ಒಳಗೆ ಚಿತ್ತಾರ, ಬೆಸುಗೆ ಗುರುತು ಇದ್ದರೆ ಬೇಡ. ಮೂತಿಯ ಅಂಚಿಗೆ ಬೆರಳಾಡಿಸಿ, ಎಲ್ಲೂ ತರಚಬಾರದು. ಬೆಳ್ಳಿ ಬೆಲೆ ಈಗ ಜಾಸ್ತಿ, ನಿಮ್ಮ ದುಡ್ಡಿಗೆ ಹೊಂದದೇ ಇರಬಹುದು. ಸ್ಟೀಲಿನದು ಕೊಡಿ. ಮಗುವಿಗೆ ಎರಡೂ ಒಂದೇ.

ಕುಡಿಸುವ ರೀತಿಯನ್ನೂ ಗೆಳತಿಗೆ ಹೇಳಿ. ಮಗು ಎಚ್ಚರವಾಗಿರಬೇಕು. ತಲೆ ಎತ್ತರಕ್ಕೆ ಬರುವಂತೆ ತೊಡೆ ಮೇಲೆ ಕೂರಿಸಿಕೊಳ್ಳಬೇಕು. ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಮಲಗಿಸಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಅಮ್ಮನಿಗೂ ಒಂದು ಮಾತು. ಒಳಲೆ ಹಳೇದು ಅಂತ ಅದರಲ್ಲಿ ಬಜೆ, ಜಾಯಿಕಾಯಿ ತೇಯ್ದು ಕುಡಿಸುವುದು ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ.

ಗಿಫ್ಟ್ ಸೆಟ್‌ನ ಉಳಿದವೂ ಬೇಡ. ಪೌಡರ್ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ದಿಂಬು, ಮೆತ್ತನೆ ಗೊಂಬೆ ಮಗು ಮಲಗುವ ಜಾಗದಲ್ಲಿ ಇರಬಾರದು, ಮುಖದ ಮೇಲೆ ಬಿದ್ದರೆ ಸರಿಸುವ ಶಕ್ತಿ ಅದಕ್ಕಿಲ್ಲ. ನಾಳೆ ಯಾರಾದರೂ ವಾಕರ್ ಕೊಡೋಣ ಅಂದರೆ ಅದನ್ನೂ ತಡೆಯಿರಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ನಮ್ಮ ಮನೆಗಳಲ್ಲಿ ಹೊಸ್ತಿಲು, ಮೆಟ್ಟಿಲು ಎಷ್ಟಿವೆ ನೋಡಿ.

ಸ್ಟೀಲ್ ಒಳಲೆಗೆ ಹೆಚ್ಚು ದುಡ್ಡು ಹೋಗುವುದಿಲ್ಲ. ಉಳಿದದ್ದರಲ್ಲಿ ಬಟ್ಟೆ ಕೊಡಿ. ಆದರೆ ಈಗಿನ ಅಳತೆಯದು ಬೇಡ, ಅದನ್ನು ಎಲ್ಲರೂ ತಂದಿರುತ್ತಾರೆ. ಮಗುವಿನ ತೂಕ ಐದು ತಿಂಗಳಿಗೆಲ್ಲ ಎರಡು ಪಟ್ಟಾಗುತ್ತದೆ. ಆರರಿಂದ ಒಂಬತ್ತು ತಿಂಗಳ ಅಳತೆ ತನ್ನಿ. ಜುಲೈ ಮಗುವಿಗೆ ಆರು ತಿಂಗಳು ತುಂಬುವುದು ಜನವರಿಯಲ್ಲಿ, ಹಾಗಾಗಿ ತೋಳು ತುಂಬ ಇರುವ ದಪ್ಪ ಹತ್ತಿಯದು. ಕತ್ತಿನ ಹತ್ತಿರ ದಾರ, ಮಣಿ ಇರದಿರಲಿ.

ಆಟದ ಸಾಮಾನು ಕೊಡಲೇಬೇಕು ಅನ್ನಿಸಿದರೆ ಚನ್ನಪಟ್ಟಣದ ಗಿಲಕಿ ಚೆಂದ. ಕಡಸಲು ಯಂತ್ರದಲ್ಲಿ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಆ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಅದೇ ಆಕಾರದ, ಪೇಂಟ್ ಬಳಿದ ನಕಲಿಯೂ ಸಿಗುತ್ತದೆ, ಕೇಳಿ ಕೊಳ್ಳಿ. ಮಗು ತಾನಾಗಿ ಹಿಡಿದು ಆಡಿಸಲು ಮೂರು ನಾಲ್ಕು ತಿಂಗಳಾದರೂ ಬೇಕು, ಆಮೇಲೆ ನೇರ ಬಾಯಿಗೇ ಹೋಗುತ್ತದೆ. ಬಿಚ್ಚಿ ಬರುವ ಭಾಗ ಇರಬಾರದು.

ಪ್ರಶ್ನೆ: ನನ್ನ ತಂಗಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಗಿದೆ. ಮಗು ಇನ್ನೂ ಆಸ್ಪತ್ರೆಯಲ್ಲಿದೆ. ಈಗ ಉಡುಗೊರೆ ಒಯ್ದರೆ ತಪ್ಪಾಗುತ್ತದಾ?
– ಓದುಗರು, ಶಿರಸಿ

ಉತ್ತರ: ಖಂಡಿತ ತಪ್ಪಲ್ಲ. ಈ ದಿನಗಳಲ್ಲೇ ಅವರಿಗೆ ಯಾರಾದರೂ ಬೇಕು.

ಮುಂದೆ ಗುಂಡಿ ಇರುವ ಸಡಿಲ ನೈಟಿ ಎರಡು ಒಯ್ಯಿರಿ. ಇಂಥ ಮಕ್ಕಳನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಗಂಟೆಗಟ್ಟಲೆ ಕಟ್ಟಿಕೊಳ್ಳಲು ಹೇಳುತ್ತಾರೆ. ಕಾಂಗರೂ ಆರೈಕೆ ಅಂತಾರಲ್ಲ, ಅದು. ಮಗು ಬೆಚ್ಚಗಿರುತ್ತದೆ, ತೂಕವೂ ಚೆನ್ನಾಗಿ ಏರುತ್ತದೆ. ಒಗೆದ ಮೆತ್ತನೆ ಹತ್ತಿ ಸೀರೆ ಒಂದಿದ್ದರೆ ಕಟ್ಟಿಕೊಳ್ಳಲು ಆಗುತ್ತದೆ. ಪುಟ್ಟ ಕುಲಾವಿ ಕೂಡ ಒಯ್ಯಿರಿ, ಅಳತೆ ನರ್ಸ್ ಹತ್ತಿರ ಕೇಳಿ.

ತಂಗಿಯ ಗಂಡನಿಗೆ ಬುತ್ತಿ ಕಟ್ಟಿಕೊಂಡು ಹೋಗಿ. ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತ ಅಪ್ಪಂದಿರಿಗೆ ಊಟ ಆಯ್ತಾ ಅಂತ ಕೇಳುವವರು ಕಡಿಮೆ. ನೀವು ಒಂದು ರಾತ್ರಿ ಅಲ್ಲಿ ಕೂತು ಅವರನ್ನು ಮನೆಗೆ ಮಲಗಲು ಕಳಿಸಿದರೆ ಇನ್ನೂ ಒಳ್ಳೆಯದು. ನೆಗಡಿ, ಕೆಮ್ಮು ಇದ್ದರೆ ಮಾತ್ರ ನೀವು ಹೋಗದೆ ಬುತ್ತಿ ಕಳಿಸಿಕೊಡಿ.